ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದವರನ್ನು ನೋಡಿಕೊಳ್ಳುವುದು ಹೇಗೆ?

ನಮ್ಮ ಚಿಕ್ಕಪ್ಪನಿಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡು ಬಂದಿದ್ದರು. ಒಂದು ತಿಂಗಳ ಮೇಲೆ ನೋಡಿಕೊಂಡು ಬರೋಣ ಅಂತ ಊರಿಗೆ ಹೋದೆ. ಜಗಲಿಯಲ್ಲಿ ಕೂತು ಆರಾಮಾಗಿ ಪೇಪರ್ ಓದುತ್ತಿದ್ದರು. ‘ಮಾತ್ರೆ ಆಯ್ತಾ?’ ಎಂದೆ. ‘ಕೋರ್ಸ್ ಮುಗೀತಲ್ಲ, ಮೊನ್ನೆಗೇ ಖಾಲಿ’ ಎಂದರು. ಚೀಟಿಯಲ್ಲಿ ‘30 ದಿನ’ ಎಂದು ಬರೆದಿತ್ತು. ಅದು ಮುಂದಿನ ಭೇಟಿಯವರೆಗಿನ ಲೆಕ್ಕ. ಅವರು ಜ್ವರದ ಮಾತ್ರೆಯ ಹಾಗೆ ಕೋರ್ಸ್ ಎಂದುಕೊಂಡಿದ್ದರು. ಹೃದ್ರೋಗದ ವಾರ್ಡಿನಲ್ಲಿ ವರ್ಷಗಟ್ಟಲೆ ನರ್ಸ್ ಆಗಿದ್ದವಳು ನಾನು. ನಮ್ಮ ಮನೆಯಲ್ಲೇ ಹೀಗಾದರೆ ಬೇರೆಯವರ ಕಥೆ ಏನು? ಸ್ಕೂಟರ್ ಹತ್ತಿ ಮೆಡಿಕಲ್ ಶಾಪಿಗೆ ಓಡಿದೆ.

ಕಟ್ಟಿಕೊಂಡ ರಕ್ತನಾಳ ತೆರೆದು ಸ್ಟೆಂಟ್ ಹಾಕುವ ಆಂಜಿಯೋಪ್ಲಾಸ್ಟಿ ಹೆಚ್ಚೆಂದರೆ ಒಂದೆರಡು ಗಂಟೆಯ ಕೆಲಸ. ಆಮೇಲಿನ ಒಂದು ವರ್ಷ ಮನೆಯವರ ಕೈಯಲ್ಲಿರುತ್ತದೆ. ಅದರಲ್ಲೂ ಮೊದಲ ಆರು ವಾರ ತುಂಬ ಮುಖ್ಯ. ಪೆಟ್ಟಾದ ಹೃದಯದ ಸ್ನಾಯು ಗಾಯ ಮಾಯ್ದು ಗಟ್ಟಿಯಾಗಲು ಸುಮಾರು ಅಷ್ಟು ಕಾಲ ಬೇಕು. ಆಗ ಏನೇನು ಮಾಡಬೇಕು ಅನ್ನೋದನ್ನು ಒಂದೊಂದಾಗಿ ಹೇಳುತ್ತೇನೆ.

ಆಸ್ಪತ್ರೆ ಬಿಡುವ ಮೊದಲು

ಬಿಲ್ಲು, ಇನ್ಶೂರೆನ್ಸು, ಕಾರಿನ ಓಡಾಟದ ಮಧ್ಯೆ ಡಿಸ್ಚಾರ್ಜ್ ದಿನ ಯಾರ ತಲೆಯೂ ನೆಟ್ಟಗಿರುವುದಿಲ್ಲ. ಆದರೂ ಸಿಸ್ಟರ್ ಹತ್ತಿರ ಹತ್ತು ನಿಮಿಷ ಕೂತು ಕೇಳಿ. ಎಷ್ಟು ಸ್ಟೆಂಟ್ ಹಾಕಿದ್ದಾರೆ? ಯಾವ ರಕ್ತನಾಳಕ್ಕೆ? ಉಳಿದ ನಾಳಗಳಲ್ಲಿ ಬ್ಲಾಕ್ ಇದೆಯೇ? ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ‘ಇಎಫ್’ ಎಷ್ಟು ಬಂದಿದೆ? ಹೃದಯ ಒಂದೊಂದು ಬಡಿತಕ್ಕೆ ನೂರಕ್ಕೆ ಎಷ್ಟು ಪಾಲು ರಕ್ತವನ್ನು ಹೊರಗೆ ತಳ್ಳುತ್ತದೆ ಎಂಬುದೇ ಇಎಫ್. 55ಕ್ಕಿಂತ ಮೇಲಿದ್ದರೆ ಚೆನ್ನಾಗಿದೆ. 40ಕ್ಕಿಂತ ಕಡಿಮೆ ಇದ್ದರೆ ಉಪ್ಪು, ನೀರು, ತೂಕದ ಬಗ್ಗೆ ಜಾಸ್ತಿ ಎಚ್ಚರ ಬೇಕು.

ಕೊನೆಯ ಇಸಿಜಿ, ಡಿಸ್ಚಾರ್ಜ್ ಚೀಟಿ, ಸ್ಟೆಂಟ್ ಕಾರ್ಡ್ ಮೂರನ್ನೂ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ನಾಳೆ ಎದೆನೋವು ಅಂತ ಇನ್ನೊಂದು ಆಸ್ಪತ್ರೆಗೆ ಹೋದರೆ ಅಲ್ಲಿನ ಡಾಕ್ಟರಿಗೆ ಹೋಲಿಸಿ ನೋಡಲು ಹಳೆಯ ಇಸಿಜಿ ಬೇಕೇ ಬೇಕು. ಫೈಲು ಮನೆಯ ಬೀರುವಿನಲ್ಲಿದ್ದರೆ ಏನು ಪ್ರಯೋಜನ?

ಕೈ ಅಥವಾ ತೊಡೆಯ ಗಾಯ

ಈಗ ಹೆಚ್ಚಿನವರಿಗೆ ಮಣಿಕಟ್ಟಿನ ಮೂಲಕವೇ ಸ್ಟೆಂಟ್ ಹಾಕುತ್ತಾರೆ. ಕೆಲವರಿಗೆ ತೊಡೆಸಂದಿಯಿಂದ. ಸುತ್ತ ನೀಲಿಗಟ್ಟಿ ಆಮೇಲೆ ಹಳದಿಗೆ ತಿರುಗಿದರೆ ಹೆದರಬೇಡಿ. ಊತ ದೊಡ್ಡದಾಗುತ್ತಾ ಹೋದರೆ, ಬೆರಳು ತಣ್ಣಗಾದರೆ, ಜೋಮು ಹಿಡಿದರೆ, ಕೀವು ಕಂಡರೆ ಸುಮ್ನೆ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಮಣಿಕಟ್ಟಿನಲ್ಲಿ ರಕ್ತ ಜಿನುಗಿದರೆ ಬೆರಳಿನಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಮಧ್ಯೆ ಮಧ್ಯೆ ಎತ್ತಿ ನೋಡಿದರೆ ನಿಲ್ಲುವುದಿಲ್ಲ. ಆಗಲೂ ನಿಲ್ಲದಿದ್ದರೆ ಒತ್ತಿಕೊಂಡೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತೊಡೆಸಂದಿಯಲ್ಲಿ ರಕ್ತ ಬಂದರೆ ಅಂಗಾತ ಮಲಗಿಸಿ, ಬಲವಾಗಿ ಒತ್ತಿಕೊಂಡೇ 108ಕ್ಕೆ ಫೋನ್ ಮಾಡಿಸಿ.

ಒಂದು ವಾರ ಆ ಕೈಯಿಂದ ನೀರಿನ ಬಕೆಟ್ ಎತ್ತುವಂತಿಲ್ಲ, ಮೊಮ್ಮಗನನ್ನೂ ಎತ್ತುವಂತಿಲ್ಲ. ತೊಡೆಯಿಂದ ಹಾಕಿದ್ದರೆ ಬೈಕಿನ ಕಿಕ್ ಹೊಡೆಯುವುದೂ ಬೇಡ.

ಮಾತ್ರೆ: ಇಲ್ಲಿ ರಾಜಿ ಇಲ್ಲ

ಸ್ಟೆಂಟ್ ಎಂದರೆ ಸಣ್ಣ ಲೋಹದ ಜಾಲರಿ. ರಕ್ತದ ಪಾಲಿಗೆ ಅದು ಹೊರಗಿನ ವಸ್ತು. ಅದರ ಮೇಲೆ ನಾಳದ ಒಳಪದರ ಬೆಳೆದು ಮುಚ್ಚುವವರೆಗೂ ರಕ್ತ ಅಲ್ಲಿ ಹೆಪ್ಪುಗಟ್ಟಲು ನೋಡುತ್ತಲೇ ಇರುತ್ತದೆ. ಅದಕ್ಕೇ ಎರಡು ಮಾತ್ರೆ. ಒಂದು ಆಸ್ಪಿರಿನ್, ಸಾಮಾನ್ಯವಾಗಿ 75 ಮಿಲಿಗ್ರಾಂ, ಊಟದ ಮೇಲೆ. ಇನ್ನೊಂದು ಕ್ಲೋಪಿಡೋಗ್ರೆಲ್ 75 ದಿನಕ್ಕೊಂದು, ಇಲ್ಲವೇ ಟಿಕಾಗ್ರೆಲಾರ್ 90 ಬೆಳಿಗ್ಗೆ ಒಂದು ಸಂಜೆ ಒಂದು. ಹೃದಯಾಘಾತ ಆದವರಿಗೆ ಈ ಜೋಡಿ ಸಾಮಾನ್ಯವಾಗಿ 12 ತಿಂಗಳು. ಆಮೇಲೂ ಆಸ್ಪಿರಿನ್ ಸಾಮಾನ್ಯವಾಗಿ ಮುಂದುವರಿಯುತ್ತದೆ. ಮಧ್ಯೆ ನಿಲ್ಲಿಸಿದರೆ ಸ್ಟೆಂಟ್ ಒಮ್ಮೆಲೇ ಕಟ್ಟಿಕೊಳ್ಳಬಹುದು. ಆಗ ಬರುವ ಎರಡನೇ ಆಘಾತಕ್ಕೆ ಜೀವವೇ ಹೋಗಬಹುದು.

ಹಲ್ಲು ಕೀಳಿಸಬೇಕೇ? ಕಣ್ಣಿನ ಪೊರೆಯ ಆಪರೇಷನ್ ಇದೆಯೇ? ‘ರಕ್ತ ತೆಳು ಮಾಡುವ ಮಾತ್ರೆ ಐದು ದಿನ ಬಿಟ್ಟು ಬನ್ನಿ’ ಎಂದು ಯಾರೇ ಹೇಳಿದರೂ, ಹೃದಯದ ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಬೇಡಿ. ಒಂದು ಹೊತ್ತು ಮರೆತರೆ ಮುಂದಿನದನ್ನು ಅದರ ಹೊತ್ತಿಗೇ ಕೊಡಿ. ಎರಡನ್ನು ಒಟ್ಟಿಗೆ ನುಂಗಿಸಬೇಡಿ.

ಒಂದು ವಾರದ ಖಾನೆಗಳಿರುವ ಮಾತ್ರೆ ಡಬ್ಬಿ ತನ್ನಿ. ಭಾನುವಾರ ಒಬ್ಬರೇ ತುಂಬಿಡಲಿ. ದಿನಾ ಬೇರೆ ಬೇರೆಯವರು ಕೈ ಹಾಕಿದರೆ ಎಡವಟ್ಟು ಖಚಿತ. ಹಾಳೆಯಲ್ಲಿ ಐದು ಮಾತ್ರೆ ಉಳಿದಾಗಲೇ ಹೊಸದು ಮನೆಯಲ್ಲಿರಬೇಕು.

ಯಾವ ಮಾತ್ರೆಗೆ ಏನು ತೊಂದರೆ ಆಗಬಹುದು ಎಂಬುದೂ ಗೊತ್ತಿರಲಿ. ರಾಮಿಪ್ರಿಲ್ ಎಂಬ ಬಿಪಿ ಮಾತ್ರೆಯಿಂದ ಕೆಲವರಿಗೆ ಒಣಕೆಮ್ಮು ಹಿಡಿಯುತ್ತದೆ. ಟಿಕಾಗ್ರೆಲಾರ್‌ನಿಂದ ಕೂತಲ್ಲೇ ಉಸಿರು ಸಾಲದ ಹಾಗೆ ಅನ್ನಿಸಬಹುದು. ಕೊಲೆಸ್ಟರಾಲ್ ಮಾತ್ರೆಯಿಂದ ಅಪರೂಪಕ್ಕೆ ತೊಡೆ, ತೋಳಿನ ಸ್ನಾಯು ನೋಯುತ್ತದೆ. ಇದಕ್ಕೆಲ್ಲ ಬೇರೆ ದಾರಿ ಇದೆ, ಡಾಕ್ಟರಿಗೆ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ. ಮಲ ಟಾರಿನಂತೆ ಕಪ್ಪಾದರೆ ಮಾತ್ರ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು. ಮಂಡಿನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ಕೊಡಬೇಡಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು.

ಇನ್ನು ಬ್ಲಾಕ್ ಕರಗಿಸುವ ಕಷಾಯ. ಶುಂಠಿ, ಬೆಳ್ಳುಳ್ಳಿ, ನಿಂಬೆರಸ ಕುದಿಸಿ ಕುಡಿದರೆ ಸ್ಟೆಂಟೇ ಬೇಡ ಎಂಬ ವಾಟ್ಸಾಪ್ ಮೆಸೇಜು ನಿಮಗೂ ಬಂದಿರುತ್ತದೆ. ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ, ಬೇಡ ಅನ್ನುವುದಿಲ್ಲ. ಮಾತ್ರೆಯ ಜಾಗಕ್ಕೆ ಅದನ್ನು ತರಬೇಡಿ ಅಷ್ಟೇ.

ಬೆಳಗಿನ ಹತ್ತು ನಿಮಿಷ

ಒಂದು ನೋಟ್‌ಬುಕ್ ಇಡಿ. ಎದ್ದು ಮೂತ್ರಕ್ಕೆ ಹೋಗಿ ಬಂದ ಮೇಲೆ, ಕಾಫಿಗೆ ಮೊದಲು ತೂಕ ನೋಡಿ ಬರೆಯಿರಿ. ಆಮೇಲೆ ಐದು ನಿಮಿಷ ಸುಮ್ಮನೆ ಕೂರಿಸಿ ಬಿಪಿ, ನಾಡಿ. ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ. 50ಕ್ಕಿಂತ ಕಡಿಮೆ ಇದ್ದರೆ, ಇಲ್ಲವೇ ತಲೆ ಸುತ್ತುತ್ತಿದ್ದು ಮೇಲಿನ ಬಿಪಿ 100ಕ್ಕಿಂತ ಕೆಳಗಿದ್ದರೆ, ಅವತ್ತಿನ ಬಿಪಿ ಮಾತ್ರೆ ಕೊಡುವ ಮೊದಲು ಫೋನ್ ಮಾಡಿ ಕೇಳಿ.

ತೂಕ ಯಾಕೆ ಅಂತೀರಾ? ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಹೃದಯಕ್ಕೆ ಪಂಪ್ ಮಾಡಲು ಆಗುತ್ತಿಲ್ಲ ಎಂಬುದರ ಗುರುತು. ಪಾದ ಊದುತ್ತದೆ, ಚಪ್ಪಲಿ ಬಿಗಿಯಾಗುತ್ತದೆ. ಒಂದು ದಿಂಬಿನಲ್ಲಿ ಮಲಗುತ್ತಿದ್ದವರು ಮೂರು ದಿಂಬು ಕೇಳುತ್ತಾರೆ. ರಾತ್ರಿ ಎದ್ದು ಕಿಟಕಿ ಹತ್ತಿರ ಕೂರುತ್ತಾರೆ. ಇದನ್ನು ಮೊದಲು ಗಮನಿಸುವವರು ಡಾಕ್ಟರಲ್ಲ, ಪಕ್ಕದಲ್ಲಿ ಮಲಗಿದವರು. ಕಂಡರೆ ಮುಂದಿನ ಭೇಟಿಯವರೆಗೆ ಕಾಯಬೇಡಿ.

ಬಚ್ಚಲು

ಇದನ್ನು ಯಾವ ಡಿಸ್ಚಾರ್ಜ್ ಚೀಟಿಯಲ್ಲೂ ಬರೆಯುವುದಿಲ್ಲ. ಮೊದಲ ಕೆಲವು ವಾರ ಬಚ್ಚಲಿನ ಚಿಲಕ ಹಾಕಬಾರದು. ಬಾಗಿಲು ಮುಂದಕ್ಕೆ ತಳ್ಳಿದರೆ ಸಾಕು. ನಮ್ಮಲ್ಲಿ ಹಂಡೆಯ ಹಬೆಯಾಡುವ ನೀರು ಹುಯ್ದುಕೊಂಡರೇ ಸ್ನಾನ. ಬಿಪಿ ಮಾತ್ರೆ ತಿಂದವರಿಗೆ ಆ ಬಿಸಿಗೆ ರಕ್ತನಾಳ ಹಿಗ್ಗಿ ಬಿಪಿ ಇಳಿದು ತಲೆ ತಿರುಗುತ್ತದೆ. ಉಗುರುಬೆಚ್ಚಗಿನ ನೀರು, ಕೂರಲು ಒಂದು ಸ್ಟೂಲ್ ಇರಲಿ. ಮಲಬದ್ಧತೆ ಆಗದ ಹಾಗೆ ನೋಡಿಕೊಳ್ಳಿ. ಉಸಿರು ಬಿಗಿಹಿಡಿದು ತಿಣುಕಿದರೆ ಹೃದಯಕ್ಕೆ ಹೊರೆ. ಸೊಪ್ಪು, ಹಣ್ಣು, ಬೇಕಾದರೆ ರಾತ್ರಿ ಇಸಬ್‌ಗೋಲ್. ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆ ಇದ್ದರೆ ಒಂದು ಕಮೋಡ್ ಕುರ್ಚಿ ತನ್ನಿ.

ನಡಿಗೆ

ಪೂರ್ತಿ ಮಂಚ ಹಿಡಿಸಬೇಡಿ, ಅದೂ ತಪ್ಪು. ಮೊದಲ ವಾರ ಮನೆಯೊಳಗೆ, ಅಂಗಳದಲ್ಲಿ ಐದೈದು ನಿಮಿಷ, ದಿನಕ್ಕೆ ಎರಡು ಮೂರು ಸಲ. ಆಮೇಲೆ ಕೆಲವು ದಿನಕ್ಕೊಮ್ಮೆ ಒಂದೆರಡು ನಿಮಿಷ ಜಾಸ್ತಿ ಮಾಡುತ್ತಾ ಹೋಗಿ. ಆರು ವಾರದ ಹೊತ್ತಿಗೆ ಒಂದೇ ಸಲಕ್ಕೆ ಅರ್ಧ ಗಂಟೆ ನಡೆಯುವಂತಾದರೆ ಒಳ್ಳೆಯದು. ಅಳತೆ ಸುಲಭ. ನಡೆಯುತ್ತಾ ಮಾತಾಡಲು ಆಗಬೇಕು. ಮಾತಿನ ಮಧ್ಯೆ ಏದುಸಿರು ಬಂದರೆ ವೇಗ ಜಾಸ್ತಿಯಾಯಿತು ಅಂತ. ಊಟವಾದ ಕೂಡಲೇ ಬೇಡ. ಇಎಫ್ ಕಡಿಮೆ ಇದ್ದವರು ಡಾಕ್ಟರನ್ನು ಕೇಳಿಯೇ ಹೆಚ್ಚಿಸಬೇಕು.

ಗಂಡ ಹೆಂಡಿರ ಸಂಬಂಧದ ಬಗ್ಗೆ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಅದಕ್ಕೇ ಹೇಳುತ್ತೇನೆ. ಎರಡು ಮಹಡಿ ಮೆಟ್ಟಿಲನ್ನು ಎದೆನೋವು, ಏದುಸಿರು ಇಲ್ಲದೆ ಹತ್ತುವಂತಾದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಎದೆನೋವಿಗೆ ಕೊಡುವ ಸಾರ್ಬಿಟ್ರೇಟ್‌ನಂಥ ಮಾತ್ರೆ ಬಳಸುವವರು ವಯಾಗ್ರ ಮುಟ್ಟಲೇಬಾರದು. ಬಿಪಿ ಪಾತಾಳಕ್ಕೆ ಇಳಿಯುತ್ತದೆ.

ಊಟ

ಮುದ್ದೆ, ಬಸ್ಸಾರು, ಹುರುಳಿಸಾರು, ಸೊಪ್ಪಿನ ಪಲ್ಯ ಎಲ್ಲ ಧಾರಾಳವಾಗಿ ತಿನ್ನಲಿ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಇಡೀ ದಿನದ ಎಲ್ಲ ಅಡುಗೆಯೂ ಸೇರಿ ಒಂದು ಟೀ ಚಮಚ. ಸಾರಿಗೆ ಕಡಿಮೆ ಹಾಕಿ, ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಇಟ್ಟರೆ ಲೆಕ್ಕ ತಪ್ಪಿತು. ಸೋಡಿಯಂ ಕಡಿಮೆ ಇರುವ ಬದಲಿ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ರಾಮಿಪ್ರಿಲ್ ತಿನ್ನುವವರು, ಕಿಡ್ನಿ ತೊಂದರೆ ಇರುವವರು ಕೇಳದೆ ಬಳಸಬಾರದು. ಬೇಕರಿ ತಿಂಡಿ, ಡಾಲ್ಡಾ, ಕರಿದ ಎಣ್ಣೆಯಲ್ಲೇ ಮತ್ತೆ ಕರಿದದ್ದು ಬೇಡ. ಬೀಡಿ, ಸಿಗರೇಟು, ಗುಟ್ಕಾ, ಎಲೆಅಡಿಕೆ ಜೊತೆಯ ಹೊಗೆಸೊಪ್ಪು ಇದೆಲ್ಲ ಪೂರ್ತಿ ಬಂದ್. ‘ಊಟ ಆದ ಮೇಲೆ ಒಂದೇ ಒಂದು’ ಕೂಡ ಇಲ್ಲ.

ನೋಡಲು ಬರುವವರು

ಬರುವವರು ಸುಮ್ಮನೆ ಬರುವುದಿಲ್ಲ, ಒಂದು ಕಥೆ ಹೊತ್ತು ತರುತ್ತಾರೆ. ‘ನಮ್ಮ ಭಾವನಿಗೂ ಹೀಗೇ ಆಗಿತ್ತು, ಪಾಪ ಹದಿನೈದು ದಿನ ಬದುಕಿದ್ದರು.’ ಇಂಥವರನ್ನು ಹಜಾರದಲ್ಲೇ ಕೂರಿಸಿ ಕಾಫಿ ಕೊಟ್ಟು ಕಳಿಸುವುದೂ ಆರೈಕೆಯೇ. ರೋಗಿಯ ಮನಸ್ಸು ಆಗಲೇ ಅಳ್ಳಕವಾಗಿರುತ್ತದೆ. ಸಣ್ಣದಕ್ಕೆ ಸಿಟ್ಟು, ಮರುಗಳಿಗೆ ಕಣ್ಣೀರು ಬರುವುದು ಸಹಜ. ಎರಡು ವಾರವಾದರೂ ಊಟ, ನಿದ್ದೆ, ಮಾತು ಯಾವುದೂ ಬೇಡ ಎಂದರೆ ಡಾಕ್ಟರಿಗೆ ಹೇಳಿ. ಖಿನ್ನತೆಗೂ ಚಿಕಿತ್ಸೆ ಇದೆ.

ಮತ್ತೆ ಎದೆನೋವು ಬಂದರೆ

ಮೊದಲು ಕೂರಿಸಿ. ಡಾಕ್ಟರ್ ಬರೆದುಕೊಟ್ಟಿದ್ದರೆ ಸಾರ್ಬಿಟ್ರೇಟ್ ಒಂದು ನಾಲಿಗೆಯ ಕೆಳಗೆ. ನಿಂತುಕೊಂಡು ಇಟ್ಟುಕೊಂಡರೆ ಬಿಪಿ ಇಳಿದು ಬೀಳುತ್ತಾರೆ. ಐದು ನಿಮಿಷದಲ್ಲಿ ನೋವು ಕಡಿಮೆಯಾಗದಿದ್ದರೆ 108. ನೋವಿನ ಜೊತೆ ತಣ್ಣನೆ ಬೆವರು, ವಾಂತಿ, ಉಸಿರುಗಟ್ಟುವುದು ಇದ್ದರೆ ಐದು ನಿಮಿಷವೂ ಕಾಯಬೇಡಿ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ಎಷ್ಟೋ ಸಲ ಎದೆನೋವೇ ಇರುವುದಿಲ್ಲ. ಸುಸ್ತು, ದವಡೆ ಅಥವಾ ಬೆನ್ನಿನ ನೋವು, ಹೊಟ್ಟೆ ತೊಳಸುವುದು ಅಷ್ಟೇ. ನಾವು ಅದಕ್ಕೆ ‘ಗ್ಯಾಸ್ಟ್ರಿಕ್’ ಎಂದು ಹೆಸರಿಟ್ಟು ಸೋಡಾ ಕುಡಿಸುತ್ತೇವೆ. ಒಂದು ಇಸಿಜಿ ತೆಗೆಸುವವರೆಗೆ ಅದು ಗ್ಯಾಸ್ಟ್ರಿಕ್ ಅಲ್ಲ ಎಂದೇ ಇಟ್ಟುಕೊಳ್ಳಿ.

ಬೈಕಿನಲ್ಲಿ ಮಧ್ಯೆ ಕೂರಿಸಿಕೊಂಡು ಹೋಗಬೇಡಿ. ದಾರಿಯಲ್ಲಿ ಹೃದಯ ನಿಂತರೆ ಏನು ಮಾಡುತ್ತೀರಿ? ದೊಡ್ಡ ಊರು ದೂರವಿದೆ ಎಂದು ಕೈಚೆಲ್ಲುವುದೂ ಬೇಡ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೋದರಲ್ಲ, ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆ ನಡೆಸುತ್ತಿದೆ. ಅದರಡಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸುತ್ತಾರೆ. ಬೇಕಾದವರಿಗೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಉಚಿತ. ಮೊದಲ ಒಂದೆರಡು ಗಂಟೆಯಲ್ಲಿ ಸಿಕ್ಕರೆ ಉಳಿಯುವ ಸ್ನಾಯು ಜಾಸ್ತಿ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆ ಎಂದು ಇವತ್ತೇ ವಿಚಾರಿಸಿ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ.

ಪ್ರಜ್ಞೆ ತಪ್ಪಿ, ಉಸಿರು ಸರಿಯಾಗಿ ಆಡದಿದ್ದರೆ ಗಟ್ಟಿ ನೆಲದ ಮೇಲೆ ಮಲಗಿಸಿ. ಎದೆಯ ನಟ್ಟನಡುವೆ ಎರಡೂ ಕೈ ಜೋಡಿಸಿಟ್ಟು 5ರಿಂದ 6 ಸೆಂಟಿಮೀಟರ್ ಇಳಿಯುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಪಕ್ಕೆಲುಬು ಮುರಿದರೂ ಪರವಾಗಿಲ್ಲ. ಜೋರಾಗಿ ಕೆಮ್ಮುತ್ತಿದ್ದರೆ ಹೃದಯಾಘಾತ ನಿಲ್ಲುತ್ತದೆ ಎಂಬ ಮೆಸೇಜ್ ಮಾತ್ರ ನಂಬಬೇಡಿ.

ಮೊದಲ ಭೇಟಿಗೆ ಹೋಗುವಾಗ

ಮಾತ್ರೆಯ ಹಾಳೆಗಳು, ನೋಟ್‌ಬುಕ್ ಎರಡೂ ಒಯ್ಯಿರಿ. ನಾಲ್ಕರಿಂದ ಆರು ವಾರಕ್ಕೆ ಕೊಲೆಸ್ಟರಾಲ್ ಪರೀಕ್ಷೆ ಆಗಬೇಕು. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, 55ಕ್ಕಿಂತ ಕೆಳಗಿರಬೇಕು ಎಂಬುದು ಈಗಿನ ಗುರಿ. ‘ನಾರ್ಮಲ್ ಇದೆ’ ಎಂದು ಲ್ಯಾಬ್ ಚೀಟಿ ಹೇಳಿದರೂ ಅದು ಹೃದಯಾಘಾತ ಆಗದವರ ನಾರ್ಮಲ್. ಫ್ಲೂ ಲಸಿಕೆಯ ಬಗ್ಗೆ ಕೇಳಿ. ಕೆಲಸಕ್ಕೆ ಹೋಗುವುದು, ಗಾಡಿ ಓಡಿಸುವುದು ಯಾವಾಗ ಎಂದೂ ಕೇಳಿ. ಎದ್ದು ಬರುವ ಮುಂಚೆ ಹೊಸ ಚೀಟಿಯಲ್ಲಿ ಒಂದೊಂದು ಮಾತ್ರೆಯ ಮುಂದೆಯೂ ಎಲ್ಲಿಯವರೆಗೆ ಎಂದು ಕನ್ನಡದಲ್ಲಿ ಬರೆಸಿಕೊಳ್ಳಿ. ನಮ್ಮ ಚಿಕ್ಕಪ್ಪನ ಚೀಟಿಯಲ್ಲಿ ಈಗ ‘ನಿಲ್ಲಿಸಬೇಡಿ’ ಎಂದು ಕೆಂಪು ಪೆನ್ನಿನಲ್ಲಿದೆ. ಬರೆದವಳು ನಾನೇ, ಡಾಕ್ಟರು ಸಹಿ ಹಾಕಿದರು.