ಐದು ಗ್ರಾಂ ಅಲ್ಯೂಮಿನಿಯಂ, ಒಂದು ಥರ್ಮಿಸ್ಟರ್, ಮತ್ತೆ ನ್ಯೂಟ್ರಿನೋ

ಕಲಬುರಗಿಯಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಅಣು ರಿಯಾಕ್ಟರ್‌ನಿಂದ ಬರುವ, ಯಾವುದಕ್ಕೂ ಸುಲಭವಾಗಿ ತಾಗದ ನ್ಯೂಟ್ರಿನೋ ಎಂಬ ಪುಟ್ಟ ಕಣ ಹಿಡಿಯಲು ಡಿಟೆಕ್ಟರ್ (ಪತ್ತೆ ಮಾಡುವ ಸಾಧನ) ಅಷ್ಟು ಚಿಕ್ಕದಾಗಿ, ಅಷ್ಟು ತಣ್ಣಗೆ ಯಾಕಿರಬೇಕು? ಬೋರ್ಡ್ ಮೇಲೆ ಬರೆದರೆ ಇದು ಯಾರ ತಲೆಗೂ ಹತ್ತುವುದಿಲ್ಲ. ಹಾಗಾಗಿ ಮಾಡಿಯೇ ತೋರಿಸಿದೆ.

ನಮ್ಮೂರಿನ ಸೂಪರ್ ಮಾರ್ಕೆಟ್ ಬಜಾರಿನಿಂದ 10 ಕಿಲೋಓಮ್ ಥರ್ಮಿಸ್ಟರ್ (ಬಿಸಿಯೇರಿದಂತೆ ರೋಧ ಇಳಿಯುವ ಪುಟ್ಟ ಬಿಡಿಭಾಗ), 100 ಓಮ್ ರೆಸಿಸ್ಟರ್ ತಂದೆ. ಕಿಟಕಿ ಮಾಡುವವರ ಹತ್ತಿರ ಅಲ್ಯೂಮಿನಿಯಂ ತುಂಡುಗಳು ಸುಮ್ನೆ ಸಿಕ್ಕವು: ಒಂದು 5 ಗ್ರಾಂ, ಇನ್ನೊಂದು 200 ಗ್ರಾಂ. ಥರ್ಮಿಸ್ಟರ್, ರೆಸಿಸ್ಟರ್ ಎರಡನ್ನೂ ತುಂಡಿಗೆ ತಾಗಿಸಿ ಇಟ್ಟೆ. ಥರ್ಮಿಸ್ಟರ್‌ಗೆ 10 ಕಿಲೋಓಮ್ ಅನ್ನುವುದು 25 ಡಿಗ್ರಿಯ ಲೆಕ್ಕ. ನಮ್ಮ ಏಪ್ರಿಲ್ ಮಧ್ಯಾಹ್ನದಲ್ಲಿ ಅದು 5.5ರ ಹತ್ತಿರ ತೋರಿಸುತ್ತದೆ!

ರೆಸಿಸ್ಟರ್‌ಗೆ ಮೊಬೈಲ್ ಚಾರ್ಜರ್‌ನ 5 ವೋಲ್ಟ್ 10 ಸೆಕೆಂಡ್ ಕೊಟ್ಟರೆ 2.5 ಜೂಲ್ ಶಾಖ. ಚಿಕ್ಕ ತುಂಡು ಅರ್ಧ ಡಿಗ್ರಿ ಏರಿತು, ಮೀಟರ್‌ನಲ್ಲಿ 100 ಓಮ್‌ನಷ್ಟು ಇಳಿಯಿತು. ದೊಡ್ಡ ತುಂಡಿಗೂ ಅಷ್ಟೇ ಶಾಖ ಕೊಟ್ಟೆವು. ಮೀಟರ್ ಕದಲಲೇ ಇಲ್ಲ.

"ಇನ್ನೂ ಸಣ್ಣ ತುಂಡು ಇಟ್ರ ಆಯ್ತಲ್ರಿ ಸರ, ತಂಪ ಯಾಕ ಬೇಕು?" ಅಂತ ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ನ್ಯೂಟ್ರಿನೋ ಒಂದು ಇಡೀ ನ್ಯೂಕ್ಲಿಯಸ್ಸನ್ನು ತಳ್ಳಿದಾಗ ಸಿಗುವುದು ನೂರು ಇಲೆಕ್ಟ್ರಾನ್‌ವೋಲ್ಟ್ (ಶಕ್ತಿಯ ಅತಿ ಪುಟ್ಟ ಅಳತೆ) ಆಸುಪಾಸು. ನಮ್ಮ 2.5 ಜೂಲ್ ಅದರ ಕೋಟಿ ಕೋಟಿ ಪಟ್ಟಿಗಿಂತಲೂ ಜಾಸ್ತಿ. ಚಿಕ್ಕದು ಮಾಡಿದರಷ್ಟೇ ಸಾಲದು. ತುಂಬಾ ತಣ್ಣಗಿನ ಹರಳಿನಲ್ಲಿ ಉಷ್ಣ ಧಾರಣೆ (ಒಂದು ಡಿಗ್ರಿ ಏರಿಸಲು ಬೇಕಾಗುವ ಶಾಖ) ತಾಪಮಾನದ ಘನಕ್ಕೆ ತಕ್ಕಂತೆ ಇಳಿಯುತ್ತದೆ. 1 ಕೆಲ್ವಿನ್‌ನಿಂದ (ಸೊನ್ನೆ ಕೆಲ್ವಿನ್ ಅಂದರೆ ಸುಮಾರು ಮೈನಸ್ 273 ಡಿಗ್ರಿ) 0.01ಕ್ಕೆ ಇಳಿಸಿದರೆ 10 ಲಕ್ಷ ಪಟ್ಟು ಕಮ್ಮಿ. ಆಗ ಅಷ್ಟು ಪುಟ್ಟ ಏಟೂ ಕಾಣುತ್ತದೆ. ಹೀಲಿಯಂ-3, ಹೀಲಿಯಂ-4 (ಒಂದೇ ಅನಿಲದ ಎರಡು ಬಗೆ) ಬೆರೆಸುವ ಫ್ರಿಜ್ ಅಲ್ಲಿಗೆ ಬೇಕಾಗುವುದು ಇದಕ್ಕೇ.

ಫ್ರಾನ್ಸ್‌ನ ಶೋ (Chooz) ಅಣು ವಿದ್ಯುತ್ ಸ್ಥಾವರಕ್ಕಾಗಿ ರೂಪಿಸಿದ ‘ನ್ಯೂಕ್ಲಿಯಸ್’ (NUCLEUS) ಎಂಬ ಹೆಸರಿನ ಪ್ರಯೋಗದಲ್ಲಿ ಹರಳುಗಳ ಒಟ್ಟು ತೂಕ ಸುಮಾರು 10 ಗ್ರಾಂ ಮಾತ್ರ. ಜಾಗ ಎರಡು ರಿಯಾಕ್ಟರ್‌ಗಳ ನಡುವೆ, 72 ಮತ್ತು 102 ಮೀಟರ್ ದೂರದಲ್ಲಿ. ನನಗೆ ಅದರಲ್ಲಿ ಹಿಡಿಸಿದ್ದು ಎರಡು ಬಗೆಯ ಹರಳು ಇಡುವ ಉಪಾಯ. ಒಂದು ಕ್ಯಾಲ್ಸಿಯಂ ಟಂಗ್‌ಸ್ಟೇಟ್, ಇನ್ನೊಂದು ನೀಲಮಣಿಯ ಜಾತಿಯ ಅಲ್ಯೂಮಿನಿಯಂ ಆಕ್ಸೈಡ್. ನ್ಯೂಟ್ರಿನೋ ತಾಗುವ ಸಾಧ್ಯತೆ ನ್ಯೂಕ್ಲಿಯಸ್‌ನಲ್ಲಿರುವ ನ್ಯೂಟ್ರಾನ್‌ಗಳ ಸಂಖ್ಯೆಯ ವರ್ಗದಂತೆ ಏರುತ್ತದೆ. ಹಾಗಾಗಿ ಭಾರದ ಟಂಗ್‌ಸ್ಟನ್‌ನಲ್ಲಿ ಏಟು ಜಾಸ್ತಿ, ನೀಲಮಣಿಯಲ್ಲಿ ತೀರಾ ಕಡಿಮೆ. ಹೊರಗಿನಿಂದ ನುಗ್ಗುವ ನ್ಯೂಟ್ರಾನ್‌ಗಳಾದರೆ ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಥರ ತಾಗುತ್ತವೆ. ಎರಡನ್ನೂ ಹೋಲಿಸಿದರೆ ಕಳ್ಳ ಯಾರು ಅಂತ ಗೊತ್ತಾಗುತ್ತದೆ, ಅಲ್ವಾ?

ಹಿಂದಿನ ಬೆಂಚಿನಿಂದ ಇನ್ನೊಂದು ಬಂತು: "ನಮ್ಮ ಬಾಜೂಕಿನ ರಾಯಚೂರು ಥರ್ಮಲ್‌ದಾಗಿಂದನೂ ಬರ್ತಾವೇನ್ರಿ ಸರ?" ಇಲ್ಲ. ಅಲ್ಲಿ ಉರಿಯುವುದು ಕಲ್ಲಿದ್ದಲು. ಯುರೇನಿಯಂ ಒಡೆದಾಗ ಹುಟ್ಟುವ ತುಣುಕುಗಳು ಬೀಟಾ ಕ್ಷಯ (ನ್ಯೂಟ್ರಾನ್ ಪ್ರೋಟಾನ್ ಆಗಿ ಬದಲಾಗಿ ಇಲೆಕ್ಟ್ರಾನ್ ಹೊರಬರುವುದು) ಆಗಬೇಕು, ಆಗಲೇ ನ್ಯೂಟ್ರಿನೋ. ಕೈಗಾ ಅಂದಿದ್ದರೆ ಹೌದು ಅನ್ನುತ್ತಿದ್ದೆ.

ನೀವೂ ಮಾಡುವುದಾದರೆ ತುಂಡನ್ನು ಥರ್ಮೋಕೋಲ್ ಡಬ್ಬಿಯಲ್ಲಿಟ್ಟು ಮುಚ್ಚಿ, ಫ್ಯಾನ್ ಆರಿಸಿ. ಬೆಳಿಗ್ಗೆಯೇ ಮಾಡಿದರೆ ಒಳ್ಳೆಯದು. ಬಿಸಿಲೇರಿದ ಮೇಲೆ ಕೋಣೆಯ ಶಾಖವೇ ಮೀಟರನ್ನು ಎಳೆದುಕೊಂಡು ಹೋಗುತ್ತದೆ. ತುಂಡಿನ ಶಾಖ ಥರ್ಮಿಸ್ಟರ್‌ಗೆ ಚೆನ್ನಾಗಿ ದಾಟಲು ಕಂಪ್ಯೂಟರ್ ರಿಪೇರಿಯವರ ಥರ್ಮಲ್ ಪೇಸ್ಟ್ ಒಂದು ಚೂರು ಸಾಕು.