ಮೂರು ಬಕೆಟ್ ಇಟ್ಟ ಮೇಲೆ ಗೊತ್ತಾಗಿದ್ದು

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮದೊಂದು ಸಣ್ಣ ಮೆಸ್ ಇದೆ. ಮಧ್ಯಾಹ್ನ ಮತ್ತು ರಾತ್ರಿ ಊಟ. ಬರುವವರಲ್ಲಿ ಮುಕ್ಕಾಲು ಪಾಲು ಕಾಲೇಜು ಮಕ್ಕಳು. ಮಿಕ್ಕವರು ರೂಮು ಮಾಡಿಕೊಂಡು ಕೆಲಸಕ್ಕೆ ಹೋಗುವವರು. ಊಟದ ರೇಟು ಹತ್ತು ರೂಪಾಯಿ ಏರಿಸಿದರೆ ಮಕ್ಕಳು ಪಕ್ಕದ ರಸ್ತೆಯ ಮೆಸ್ಸಿಗೆ ಹೋಗುತ್ತಾರೆ. ಏರಿಸದೆ ಇದ್ದರೆ ಗ್ಯಾಸಿನ ದುಡ್ಡೂ ಹುಟ್ಟುವುದಿಲ್ಲ. ಹಾಗಾಗಿ ನಾನು ಲಾಭ ಹುಡುಕಿದ್ದು ಕಸದ ಡ್ರಮ್ಮಿನಲ್ಲಿ.

ಮೊದಲೆಲ್ಲ ಎಲ್ಲವೂ ಆ ಒಂದೇ ಡ್ರಮ್ಮಿಗೆ ಹೋಗುತ್ತಿತ್ತು. ತಟ್ಟೆಯಲ್ಲಿ ಬಿಟ್ಟಿದ್ದು, ಪಾತ್ರೆಯಲ್ಲಿ ಉಳಿದಿದ್ದು, ತರಕಾರಿ ಸಿಪ್ಪೆ, ಎಲ್ಲ ಕಲಸಿಕೊಂಡು ಒಂದೇ ಮುದ್ದೆ. ನೋಡಿದರೆ ಹೊಟ್ಟೆ ಉರಿಯುತ್ತಿತ್ತು ಅಷ್ಟೇ, ಏನೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ಮೂರು ಬಕೆಟ್ ಇಟ್ಟೆ. ಒಂದು ತಟ್ಟೆ ಬಕೆಟ್, ಒಂದು ಪಾತ್ರೆ ಬಕೆಟ್, ಒಂದು ಈಳಿಗೆ ಬಕೆಟ್. ರಾತ್ರಿ ಮುಚ್ಚುವ ಮುಂಚೆ ಕೊಕ್ಕೆ ತಕ್ಕಡಿಗೆ ಒಂದೊಂದನ್ನೇ ನೇತು ಹಾಕಿ, ಎಷ್ಟು ತೂಕ, ಒಳಗೆ ಜಾಸ್ತಿ ಏನಿದೆ ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವುದು. ಇಷ್ಟೇ ಕೆಲಸ. ಮೂರು ಬಕೆಟ್ಟಿಗೂ ಕಾರಣ ಬೇರೆ, ಮದ್ದೂ ಬೇರೆ ಅನ್ನುವುದು ಆಗ ಕಾಣಿಸಿತು.

ತಟ್ಟೆ ಬಕೆಟ್ಟಿನಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು ಪಲ್ಯ ಮತ್ತು ಅನ್ನ. ಮುದ್ದೆ ಮಾತ್ರ ಇರುತ್ತಲೇ ಇರಲಿಲ್ಲ. ಯಾಕೆ ಅಂತ ಯೋಚನೆ ಮಾಡಿದೆ. ಮುದ್ದೆ ಲೆಕ್ಕದ ವಸ್ತು. ಒಂದು ಬೇಕಾ, ಅರ್ಧ ಬೇಕಾ ಅಂತ ಕೇಳಿಯೇ ಹಾಕುತ್ತೇವೆ. ಚಪಾತಿಯೂ ಹಾಗೆ. ಅನ್ನ, ಪಲ್ಯ ಸೌಟಿನ ವಸ್ತು. ಸೌಟು ಹಿಡಿದವರ ಕೈ ಎಷ್ಟು ದೊಡ್ಡದೋ ಅಷ್ಟು ಬೀಳುತ್ತದೆ. ನಮ್ಮಲ್ಲಿ ಬಡಿಸುವ ಅಕ್ಕನದು ಧಾರಾಳ ಕೈ. ಕಡಿಮೆ ಹಾಕಿ ಅಂದರೆ, "ಮಕ್ಕಳು ಊರು ಬಿಟ್ಟು ಬಂದಿರ್ತವೆ, ನಾನು ಅಳತೆ ಮಾಡಿ ಹಾಕ್ಲಾ ಕಣವ್ವ?" ಅಂತ ನನ್ನನ್ನೇ ಬೈದರು. ಅವರ ಜೊತೆ ವಾದ ಮಾಡಿ ಗೆಲ್ಲೋಕಾಗಲ್ಲ. ಸೌಟನ್ನೇ ಬದಲಾಯಿಸಿದೆ. ಅನ್ನಕ್ಕೆ ಅಗಲದ ಹಸ್ತದ ಬದಲು ಸಾರಿನ ಸೌಟು ಕೊಟ್ಟೆ. ಎಷ್ಟು ಸಲ ಬೇಕಾದರೂ ಹಾಕಲಿ, ಬೇಡ ಅನ್ನುವುದಿಲ್ಲ. ಅವರ ಧಾರಾಳವೂ ಉಳಿಯಿತು, ಅನ್ನವೂ ಉಳಿಯಿತು.

ತಟ್ಟೆಗಳನ್ನೂ ಬದಲಾಯಿಸಬೇಕಾಯಿತು. ಖಾನೆ ಇರುವ ಸ್ಟೀಲ್ ತಟ್ಟೆ ನೋಡಿದ್ದೀರಲ್ಲ, ಅದರಲ್ಲಿ ಒಂದು ಖಾನೆ ಖಾಲಿ ಇದ್ದರೆ ಬಡಿಸುವವರಿಗೆ ಸಮಾಧಾನ ಇರುವುದಿಲ್ಲ. ಉಪ್ಪಿನಕಾಯಿ ಹಾಕುವ ಜಾಗಕ್ಕೂ ಒಂದು ಚಮಚ ಪಲ್ಯ ಬೀಳುತ್ತದೆ. ಈಗ ಮಾಮೂಲಿ ಅಂಚಿನ ತಟ್ಟೆ ಬಳಸುತ್ತಿದ್ದೇವೆ.

ಆದರೆ ಪಲ್ಯದ ವಿಷಯ ಅಷ್ಟು ಸುಲಭ ಇರಲಿಲ್ಲ. ಪಲ್ಯ ಕಡಿಮೆ ಹಾಕಿದರೆ ಬಕೆಟ್ ಹಗುರ ಆಗುತ್ತದೆ, ಸರಿ. ಆದರೆ ಮಕ್ಕಳ ಹೊಟ್ಟೆಗೆ ಏನು ಹೋಯಿತು? ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ತಟ್ಟೆಯ ಅರ್ಧದಷ್ಟು ತರಕಾರಿ, ಸೊಪ್ಪು, ಹಣ್ಣು, ಗೆಡ್ಡೆಗಳೇ ಇರಬೇಕು ಅಂತಿದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಕಮ್ಮಿ ಅಂದರೂ 400 ಗ್ರಾಂ ಹಣ್ಣು ತರಕಾರಿ ತಿನ್ನಿ ಅನ್ನುತ್ತದೆ. ನಮ್ಮ ಮಕ್ಕಳು ಬಿಡುತ್ತಿದ್ದದ್ದು ಅದನ್ನೇ. ತಿನ್ನುತ್ತಿದ್ದದ್ದು ಅನ್ನ, ಸಾರು, ಹಪ್ಪಳ.

ಯಾವ ಪಲ್ಯ ಬಿಡುತ್ತಾರೆ ಅಂತ ಕ್ಯಾಲೆಂಡರ್ ನೋಡಿದೆ. ಎಲೆಕೋಸು, ಬೀನ್ಸು, ಸೀಮೆಬದನೆ. ಹಾಗಲಕಾಯಿ ಬಿಡಿ, ಅದನ್ನು ಬಿಡುವುದು ಅವರ ಹಕ್ಕು ಅಂತ ನಾನೂ ಒಪ್ಪಿಕೊಂಡಿದ್ದೇನೆ. ಬಿಡದೆ ತಿನ್ನುತ್ತಿದ್ದದ್ದು ಕಾಳು ಹಾಕಿದ ಪಲ್ಯ, ಕೋಸಂಬರಿ, ಮತ್ತೆ ಸಾರಿನೊಳಗೆ ಕರಗಿ ಹೋದ ತರಕಾರಿ. ಮಸ್ಸೊಪ್ಪು ಮಾಡಿದ ದಿನ ಸೊಪ್ಪು ತಿಂದೆವು ಅಂತ ಅವರಿಗೆ ಅನ್ನಿಸುವುದೇ ಇಲ್ಲ, ತಟ್ಟೆ ಮಾತ್ರ ನುಣ್ಣಗೆ ಇರುತ್ತದೆ. ಹಾಗಾಗಿ ಒಣ ಪಲ್ಯ ವಾರಕ್ಕೆ ಎರಡು ಮೂರು ದಿನಕ್ಕೆ ಇಳಿಸಿ, ಉಳಿದ ದಿನ ತರಕಾರಿಯನ್ನು ಹುಳಿ, ಕೂಟು, ಬಸ್ಸಾರಿಗೆ ಸೇರಿಸಿದೆ. ಸೌತೆಕಾಯಿ, ಕ್ಯಾರೆಟ್ ಕೋಸಂಬರಿಯನ್ನು ಎಲ್ಲಕ್ಕಿಂತ ಮೊದಲು ಬಡಿಸುತ್ತೇವೆ. ಹಸಿದು ಬಂದವರು ಮೊದಲು ತಟ್ಟೆಗೆ ಬಿದ್ದದ್ದನ್ನು ತಿನ್ನುತ್ತಾರೆ. ಕೊನೆಯಲ್ಲಿ ಹಾಕಿದರೆ ಹಾಗೇ ವಾಪಸ್ ಬರುತ್ತದೆ.

ಮುದ್ದೆ ಬಗ್ಗೆ ಒಂದು ಮಾತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಹಾಲಿನಲ್ಲಿ ಇರುವುದು ಹೆಚ್ಚು ಕಡಿಮೆ 120. ಇದನ್ನು ಹೇಳಿದ ಮೇಲೆ ಜಿಮ್ಮಿಗೆ ಹೋಗುವ ಹುಡುಗರು ಮುದ್ದೆ ಕೇಳುತ್ತಿದ್ದಾರೆ. ಮಂಡ್ಯದ ಮಕ್ಕಳಿಗೆ ಇದನ್ನೆಲ್ಲ ಹೇಳಬೇಕಾಗಿಲ್ಲ, ಅವರು ಮುದ್ದೆ ಇಲ್ಲದಿದ್ದರೆ ಊಟವೇ ಆಗಿಲ್ಲ ಅನ್ನುತ್ತಾರೆ.

ಪಾತ್ರೆ ಬಕೆಟ್ಟಿನ ಕಥೆ ಬೇರೆ. ಅಲ್ಲಿ ತಪ್ಪು ನಾಲಿಗೆಯದಲ್ಲ, ಲೆಕ್ಕದ್ದು. ಎಷ್ಟು ಜನ ಬರುತ್ತಾರೆ ಅಂತ ಗೊತ್ತಿಲ್ಲದೆ ಅಕ್ಕಿ ಇಟ್ಟರೆ ಉಳಿಯುತ್ತದೆ. ನಮ್ಮಲ್ಲಿ ಶುಕ್ರವಾರ, ಶನಿವಾರ ರಾತ್ರಿ ಮಂಡ್ಯ, ಹಾಸನ, ಚಾಮರಾಜನಗರ ಕಡೆಯ ಮಕ್ಕಳು ಬಸ್ಸೋ ರೈಲೋ ಹತ್ತಿ ಊರಿಗೆ ಹೋಗಿಬಿಡುತ್ತಾರೆ. ಹೇಳಿ ಹೋಗುವ ಅಭ್ಯಾಸ ಯಾರಿಗೂ ಇಲ್ಲ. ತಿಂಗಳ ದುಡ್ಡು ಮೊದಲೇ ಕೊಟ್ಟಿರುತ್ತಾರೆ, ಹೇಳಿದರೆ ಅವರಿಗೇನು ಸಿಗುತ್ತೆ ಅಲ್ವಾ?

ಅದಕ್ಕೆ ಏನಾದರೂ ಸಿಗುವ ಹಾಗೆ ಮಾಡಿದೆ. ಸಂಜೆ ನಾಲ್ಕರೊಳಗೆ ವಾಟ್ಸಾಪ್ ಗುಂಪಿನಲ್ಲಿ "ರಾತ್ರಿ ಇಲ್ಲ" ಅಂತ ಹಾಕಿದರೆ ಆ ಊಟ ಮುಂದಿನ ತಿಂಗಳಿಗೆ ಜಮಾ. ನಾಲ್ಕು ದಾಟಿದ ಮೇಲೆ ಹೇಳಿದರೆ ಇಲ್ಲ. ನಮ್ಮ ಯಜಮಾನರು "ದುಡ್ಡು ಬಿಟ್ಟುಕೊಡ್ತೀಯಾ?" ಅಂದರು. ಬಿಟ್ಟುಕೊಟ್ಟ ಊಟಕ್ಕೆ ನಾನು ಅಕ್ಕಿ, ಬೇಳೆ, ಗ್ಯಾಸು ಹಾಕಿಲ್ಲವಲ್ಲ. ಹಾಕಿ ಎಸೆಯುವುದಕ್ಕಿಂತ ಇದೇ ಅಗ್ಗ. ಜೊತೆಗೆ ಅನ್ನವನ್ನು ಎರಡು ಸಲ ಮಾಡಲು ಶುರು ಮಾಡಿದೆವು. ಮೊದಲ ಪಾತ್ರೆ ಅರ್ಧಕ್ಕೆ ಬಂದಾಗ ಬಾಗಿಲ ಕಡೆ ನೋಡಿ ಎರಡನೆಯದಕ್ಕೆ ಎಷ್ಟು ಅಕ್ಕಿ ಅಂತ ತೀರ್ಮಾನ. ತಡವಾಗಿ ಬಂದವರಿಗೆ ಬಿಸಿ ಅನ್ನವೂ ಸಿಗುತ್ತದೆ. ಸಾರು ಹಾಗಲ್ಲ, ಅದು ಒಂದೇ ಸಲ. ಸಾರು ಸ್ವಲ್ಪ ಕಮ್ಮಿ ಬಿದ್ದರೆ ಮೊಸರು, ಮಜ್ಜಿಗೆ, ಚಟ್ನಿಪುಡಿ ಇದ್ದೇ ಇರುತ್ತದೆ.

ಇಷ್ಟಾದರೂ ಅನ್ನ ಉಳಿಯುತ್ತದೆ. ಉಳಿದ ಅನ್ನಕ್ಕೆ ಚಿತ್ರಾನ್ನ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ರಾತ್ರಿಯೆಲ್ಲ ಒಲೆ ಪಕ್ಕ ಮುಚ್ಚಿಟ್ಟ ಅನ್ನದಲ್ಲಿ ಚಿತ್ರಾನ್ನ ಮಾಡಬಾರದು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಬೇಯಿಸಿದರೂ ಅವು ಸಾಯುವುದಿಲ್ಲ. ಅನ್ನ ಬೆಚ್ಚಗೆ ಕೂತಿದ್ದಷ್ಟು ಹೊತ್ತೂ ಬೆಳೆಯುತ್ತವೆ, ವಿಷ ಬಿಡುತ್ತವೆ. ವಾಂತಿ ಬರಿಸುವ ಆ ವಿಷ ಬೆಳಿಗ್ಗೆ ಒಗ್ಗರಣೆಯಲ್ಲಿ ಹುರಿದರೂ ಹೋಗುವುದಿಲ್ಲ. ನಾವು ಮಾಡುವುದು ಹೀಗೆ. ಊಟ ಮುಗಿದ ತಕ್ಷಣ ಉಳಿದ ಅನ್ನವನ್ನು ದೊಡ್ಡ ಪರಾತದಲ್ಲಿ ತೆಳ್ಳಗೆ ಹರಡಿ ಫ್ಯಾನ್ ಕೆಳಗೆ ಇಡುತ್ತೇವೆ. ಆರಿದ ಕೂಡಲೇ ಅಗಲದ ಡಬ್ಬಿಗೆ ಹಾಕಿ ಫ್ರಿಜ್ಜಿಗೆ. ಬೇಯಿಸಿದ ಅಡುಗೆ ಎರಡು ಗಂಟೆಗಿಂತ ಜಾಸ್ತಿ ಹೊರಗೆ ಇರಬಾರದು, ಫ್ರಿಜ್ಜಿನ ಒಳಗೆ 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಬೆಳಿಗ್ಗೆ ಚಿತ್ರಾನ್ನ ನಮ್ಮ ಮನೆಯವರಿಗೆ, ಕೆಲಸದವರಿಗೆ. ಮೆಸ್ಸಿನ ಮಕ್ಕಳಿಗೆ ನಿನ್ನೆಯದನ್ನು ಬಡಿಸುವುದಿಲ್ಲ. ಅದು ನಾನು ಹಾಕಿಕೊಂಡ ನಿಯಮ.

ಈಳಿಗೆ ಬಕೆಟ್ ನನಗೆ ತುಂಬಾ ಇಷ್ಟವಾದದ್ದು, ಯಾಕೆಂದರೆ ಅದರಲ್ಲಿ ನಮ್ಮ ಅತ್ತೆ ಗುರು. ಅವರದು ಮಂಡ್ಯದ ಹಳ್ಳಿ. ನವಿಲುಕೋಸಿನ ಸೊಪ್ಪು ಕಿತ್ತು ಎಸೆಯುವುದನ್ನು ನೋಡಿ, "ದುಡ್ಡು ಕೊಟ್ಟು ತಂದು ಅರ್ಧ ಬಿಸಾಡ್ತೀಯಲ್ಲ, ನೀನೇನ್ ಅರಸು ಮನೆಯವಳಾ?" ಅಂದಿದ್ದರು. ಮೂಲಂಗಿ ಸೊಪ್ಪು, ನವಿಲುಕೋಸಿನ ಎಳೆ ಸೊಪ್ಪು, ದಂಟಿನ ಕಡ್ಡಿ, ಕೊತ್ತಂಬರಿ ಕಡ್ಡಿ ಈಗ ಎಲ್ಲಕ್ಕೂ ಜಾಗ ಇದೆ.

ಬಸ್ಸಾರನ್ನೇ ನೋಡಿ. ಹೆಸರುಕಾಳೋ ಅಲಸಂದೆಯೋ ಬೇಯಲು ಇಟ್ಟು, ಮುಕ್ಕಾಲು ಬೆಂದಾಗ ಸೊಪ್ಪು ಹಾಕಿ, ಉಪ್ಪು ಹಾಕುತ್ತೇವೆ. ಬೆಂದ ಮೇಲೆ ಬಸಿದರೆ ಕೆಳಗೆ ಇಳಿಯುವುದು ಕಟ್ಟು. ಬೇರೆ ಅಡುಗೆಯಲ್ಲಿ ಆ ನೀರು ಬಚ್ಚಲಿಗೆ ಹೋಗುತ್ತಿತ್ತು. ಇಲ್ಲಿ ಅದೇ ಸಾರು. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ, ಸ್ವಲ್ಪ ಕಾಯಿ, ಹುಣಸೆಹಣ್ಣು, ಜೊತೆಗೆ ಬೆಂದ ಕಾಳು ಸೊಪ್ಪು ಒಂದು ಹಿಡಿ ಹಾಕಿ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸುವುದು. ಮೇಲೆ ಉಳಿದ ಕಾಳು, ಸೊಪ್ಪಿಗೆ ಒಗ್ಗರಣೆ ಹಾಕಿದರೆ ಪಲ್ಯ. ಒಂದು ಪಾತ್ರೆಯಿಂದ ಎರಡು ಅಡುಗೆ, ಎಸೆಯುವುದು ಏನೂ ಇಲ್ಲ. ದಂಟಿನ ಕಡ್ಡಿ ಸಣ್ಣಗೆ ಹೆಚ್ಚಿ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ನಾರು ಬಿಟ್ಟ ಬಲಿತ ಕಡ್ಡಿ ಮಾತ್ರ ಹಾಕಬೇಡಿ, ಅದು ನೇರ ತಟ್ಟೆ ಬಕೆಟ್ಟಿಗೆ ಬರುತ್ತದೆ.

ಹೀರೇಕಾಯಿ ಸಿಪ್ಪೆಯ ಚಟ್ನಿ ನಿಮಗೆಲ್ಲ ಗೊತ್ತೇ ಇದೆ. ಕಲ್ಲಂಗಡಿ ಹಣ್ಣಿನ ಬಿಳಿ ಭಾಗವನ್ನು ಹುಳಿಗೆ ಹಾಕಿದರೆ ಸೀಮೆಬದನೆ ಅಂದುಕೊಂಡು ತಿನ್ನುತ್ತಾರೆ.

ಕೊಳ್ಳುವುದರಲ್ಲೂ ಒಂದಷ್ಟು ಬದಲಾಯಿಸಿದೆ. ಎಂ.ಜಿ. ರಸ್ತೆಯ ಮಾರ್ಕೆಟ್ಟಿಗೆ ಬೆಳಿಗ್ಗೆ ಹೋದರೆ ಸುತ್ತಮುತ್ತಲ ಹಳ್ಳಿಯವರು ತಂದ ಸೊಪ್ಪು ಸಿಗುತ್ತದೆ. ಹೊತ್ತು ಏರಿದ ಮೇಲೆ ಗುಡ್ಡೆ ಲೆಕ್ಕದಲ್ಲಿ ಅಗ್ಗ. ಅಗ್ಗದ ಗುಡ್ಡೆ ನೋಡಿ ಬಾಯಿ ಬಿಡದಿರುವುದು ಕಲಿಯಬೇಕು. ಮೊದಲು ವಾರದ ಅಡುಗೆ ಏನು ಅಂತ ಬರೆದುಕೊಂಡು, ಅದಕ್ಕೆ ತಕ್ಕಂತೆ ಚೀಟಿ. ಟೊಮೆಟೊ ಗುಡ್ಡೆ ತಂದೇ ತರುತ್ತೇನೆ ಅಂದರೆ ಅವತ್ತೇ ಗೊಜ್ಜು ಕುದಿಸಿ ಇಡಲು ಪುರುಸೊತ್ತು ಇರಬೇಕು. ಆಹಾರ ಕೆಡದ ಹಾಗೆ ಇಡುವುದು ಹೇಗೆ ಅಂತ ಸಂಶೋಧನೆ ಮಾಡುವ ಸಿಎಫ್‌ಟಿಆರ್‌ಐ 1950ರಿಂದ ಇದೇ ಊರಿನಲ್ಲಿದೆ. ಅದೇ ಊರಿನ ನಮ್ಮ ಫ್ರಿಜ್ಜುಗಳಲ್ಲಿ ಕೊತ್ತಂಬರಿ ಪ್ಲಾಸ್ಟಿಕ್ ಕವರಿನಲ್ಲೇ ಬೆವತು ಕೊಳೆಯುತ್ತದೆ! ಬೇರು ಕತ್ತರಿಸಿ, ನೀರು ಆರಿಸಿ, ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಈರುಳ್ಳಿ, ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿ ಬೇಡ. ಮಾಗುತ್ತಿರುವ ಬಾಳೆಹಣ್ಣಿನಿಂದ ಎಥಿಲೀನ್ ಅನ್ನುವ ಅನಿಲ ಬರುತ್ತದೆ, ಪಕ್ಕದಲ್ಲಿಟ್ಟ ಸೊಪ್ಪು ಬೇಗ ಹಳದಿ ಆಗುತ್ತದೆ.

ಪೊಟ್ಟಣದ ಸಾಮಾನಿನ ಮೇಲೆ 'ಬೆಸ್ಟ್ ಬಿಫೋರ್' ಅಂತಿದ್ದರೆ ಆ ದಿನದವರೆಗೆ ರುಚಿ, ಗರಿಗರಿ ಚೆನ್ನಾಗಿರುತ್ತದೆ ಅಂತ ಅರ್ಥ. ಮಾರನೇ ದಿನ ವಿಷ ಆಗುವುದಿಲ್ಲ. 'ಯೂಸ್ ಬೈ' ಅಥವಾ 'ಎಕ್ಸ್‌ಪೈರಿ' ಅಂತಿದ್ದರೆ ಆ ದಿನ ದಾಟಿಸಬೇಡಿ. ಹಾಗೇ ಪೊಟ್ಟಣ ತಿರುಗಿಸಿ ಒಳಗೇನಿದೆ ಅನ್ನುವ ಪಟ್ಟಿ ಓದಿ. ಜಾಸ್ತಿ ಇರುವುದು ಮೊದಲು ಬರೆದಿರುತ್ತದೆ. ಮೇಲೆ ರಾಗಿ ತೆನೆಯ ಚಿತ್ರ, ಹಿಂದೆ ಮೊದಲ ಹೆಸರು ಮೈದಾ. ಒಂದು ಕೊಂಡರೆ ಒಂದು ಫ್ರೀ ಅಂತ ಅದನ್ನೇ ಎರಡು ತರುತ್ತೇವೆ.

ಇಷ್ಟೆಲ್ಲ ಉಳಿಸುವ ನಾನು ಕೆಲವನ್ನು ಮಾತ್ರ ಕಣ್ಣು ಮುಚ್ಚಿಕೊಂಡು ಎಸೆಯುತ್ತೇನೆ. ಬೂಷ್ಟು ಹಿಡಿದ ಕಡಲೆಕಾಯಿ ಬೀಜ, ಬ್ರೆಡ್ಡು. ಆ ಭಾಗ ಕಿತ್ತು ಉಳಿದದ್ದು ತಿನ್ನುವ ಆಟ ಬೇಡ, ಕಡಲೆಕಾಯಿಯ ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ಇರಬಹುದು, ಅದು ಲಿವರಿಗೆ ವಿಷ. ಮತ್ತೆ ಕರಿದ ಎಣ್ಣೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಕೆಟ್ಟ ಪದಾರ್ಥ ಸೇರುತ್ತಾ ಹೋಗುತ್ತದೆ. ಅದನ್ನು ಅಳೆಯುವ 'ಟೋಟಲ್ ಪೋಲಾರ್ ಕಾಂಪೌಂಡ್' 25 ಪರ್ಸೆಂಟ್ ದಾಟಿದ ಎಣ್ಣೆ ಬಳಸಬಾರದು ಅಂತ ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ 2018ರಿಂದ ನಿಯಮ ಮಾಡಿದೆ. ಸಣ್ಣ ಮೆಸ್ಸಿನಲ್ಲಿ ಅಳೆಯುವ ಮೀಟರ್ ಎಲ್ಲಿಂದ ತರೋದು? ಚಿಕ್ಕ ಬಾಣಲೆಯಲ್ಲಿ ಕಮ್ಮಿ ಎಣ್ಣೆ ಇಟ್ಟು ಕರಿಯುತ್ತೇವೆ, ಬೋಂಡ ಮಾಡುವುದನ್ನೇ ಕಡಿಮೆ ಮಾಡಿದ್ದೇವೆ. ಅದಕ್ಕೆ ಮಕ್ಕಳ ಬೇಜಾರು ಇದೆ.

ಕೆಲಸಕ್ಕೆ ಬಾರದ ಉಪಾಯಗಳೂ ಇವೆ. ಗೋಡೆಗೆ "ಅನ್ನ ದೇವರು, ಬಿಸಾಡಬೇಡಿ" ಅಂತ ಬೋರ್ಡು ಹಾಕಿದರೆ ಮೂರನೇ ದಿನದಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಊಟ ಬಿಟ್ಟರೆ ದಂಡ ಅನ್ನುವ ಮೆಸ್ಸುಗಳೂ ಇವೆ. ದಂಡಕ್ಕೆ ಹೆದರಿ ಬೇಡದ್ದನ್ನು ತುರುಕಿಕೊಳ್ಳುವುದು ಯಾವ ಆರೋಗ್ಯ? ಮನೆಯಲ್ಲೂ ಅಮ್ಮಂದಿರು ಉಳಿದದ್ದನ್ನೆಲ್ಲ ಹಸಿವಿಲ್ಲದಿದ್ದರೂ ತಾವೇ ತಿಂದು ಮುಗಿಸುತ್ತಾರಲ್ಲ, ಅದೂ ಹಾಳೇ. ಲೆಕ್ಕಕ್ಕೆ ಬರುವುದಿಲ್ಲ ಅಷ್ಟೇ. ಹೋಟೆಲ್ಲು, ಮದುವೆ ಮನೆಗಳೇ ಜಾಸ್ತಿ ಹಾಳು ಮಾಡುತ್ತವೆ ಅಂದುಕೊಂಡಿದ್ದೇವೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ನೋಡಿದರೆ, 2022ರಲ್ಲಿ ಪ್ರಪಂಚದಲ್ಲಿ ಹಾಳಾದ 105 ಕೋಟಿ ಟನ್ ಆಹಾರದಲ್ಲಿ 60 ಪರ್ಸೆಂಟ್ ಮನೆಗಳದ್ದು. ಮನೆಯಲ್ಲಿ ಮೂರು ಬಕೆಟ್ ಬೇಕಿಲ್ಲ, ಮೂರು ಹಳೇ ಡಬ್ಬಿ ಒಂದು ವಾರ ಇಟ್ಟು ನೋಡಿ. ನಿಮ್ಮದು ಯಾವ ಡಬ್ಬಿಯ ಸಮಸ್ಯೆ ಅಂತ ತಿಳಿಯುತ್ತದೆ.

ಈಗಲೂ ಖಾಲಿ ಬಕೆಟ್ ಏನಲ್ಲ. ಸಿಪ್ಪೆ, ಅಕ್ಕಿ ತೊಳೆದ ನೀರು ಕಲಗಚ್ಚಿಗೆ ಹೋಗುತ್ತದೆ, ಹತ್ತಿರದಲ್ಲೇ ಹಸು ಕಟ್ಟಿರುವವರು ಬೆಳಿಗ್ಗೆ ಬಂದು ಒಯ್ಯುತ್ತಾರೆ. ಖಾರ, ಉಪ್ಪು, ಎಣ್ಣೆ ಇರುವ ಎಂಜಲು ಅವರಿಗೆ ಕೊಡುವುದಿಲ್ಲ, ಅದು ಪಾಲಿಕೆಯ ಗಾಡಿಗೆ ಹಸಿ ಕಸವಾಗಿ ಹೋಗುತ್ತದೆ. ಭಾನುವಾರ ರಾತ್ರಿಯ ಲೆಕ್ಕ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಊರಿಂದ ವಾಪಸ್ ಬರುವ ಮಕ್ಕಳಲ್ಲಿ ಅರ್ಧ ಜನ ಅಮ್ಮ ಕಟ್ಟಿಕೊಟ್ಟ ಡಬ್ಬಿ ತಂದಿರುತ್ತಾರೆ, ಇನ್ನರ್ಧ ಜನ ಹಸಿದುಕೊಂಡು ಬರುತ್ತಾರೆ. ಯಾರು ಯಾವುದು ಅಂತ ರೈಲು ಇಳಿಯುವ ತನಕ ಅವರಿಗೇ ಗೊತ್ತಿರುವುದಿಲ್ಲ. ಸದ್ಯಕ್ಕೆ ಭಾನುವಾರ ಅನ್ನ ಕಮ್ಮಿ ಇಟ್ಟು, ದೋಸೆ ಹಿಟ್ಟು ರೆಡಿ ಇಟ್ಟಿರುತ್ತೇನೆ. ಬಂದವರಿಗೆ ಹುಯ್ದುಕೊಡುವುದು. ಹಿಟ್ಟು ಉಳಿದರೆ ಸೋಮವಾರ ಪಡ್ಡು.