ಸಣ್ಣ ಕಾಲೇಜಿಗೆ ವಿದೇಶಿ ಪ್ರಾಧ್ಯಾಪಕಿಯನ್ನು ಕರೆಸಿಕೊಂಡ ಬಗೆ

ಹೊರದೇಶದ ವಿದ್ವಾಂಸರು ದೊಡ್ಡ ವಿಶ್ವವಿದ್ಯಾಲಯಗಳಿಗಷ್ಟೇ ಬರುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಹಲವರಿಗಿತ್ತು. ಅಮೆರಿಕ ಸರ್ಕಾರದ ಫುಲ್‌ಬ್ರೈಟ್ ಸ್ಪೆಷಲಿಸ್ಟ್ ಯೋಜನೆಯ ನಿಯಮಗಳನ್ನು ಓದಿದ ಮೇಲೆ ನನಗೆ ಧೈರ್ಯ ಬಂತು. ಇದರಡಿ ಅಲ್ಲಿನ ತಜ್ಞರು 2ರಿಂದ 6 ವಾರ ಬಂದಿರುತ್ತಾರೆ. ವಿಮಾನದ ಖರ್ಚು, ಗೌರವಧನ ಅನುದಾನದಿಂದ ಬರುತ್ತದೆ. ವಸತಿ, ಊಟ, ಓಡಾಟ ಕಾಲೇಜಿನ ಪಾಲು. ಇಡೀ ಸೆಮಿಸ್ಟರ್ ಒಬ್ಬರನ್ನು ನೋಡಿಕೊಳ್ಳುವ ಶಕ್ತಿ ನಮಗಿರಲಿಲ್ಲ. ಇಷ್ಟಾದರೆ ನಿಭಾಯಿಸಬಹುದು ಅನ್ನಿಸಿತು.

ಅರ್ಜಿಯಲ್ಲಿ ಕೆಲಸವನ್ನು ಬೇಕೆಂದೇ ಕಿರಿದಾಗಿಟ್ಟೆ: ಪರಿಸರ ವಿಜ್ಞಾನ ವಿಭಾಗಕ್ಕೆ ನೀರಿನ ಗುಣಮಟ್ಟದ ಪ್ರಯೋಗ ಕೈಪಿಡಿ ಸಿದ್ಧಪಡಿಸುವುದು, ನಮ್ಮ ಇಬ್ಬರು ಅಧ್ಯಾಪಕರು ಅದನ್ನು ಬಂದ ತಜ್ಞರ ಜೊತೆಗೇ ಕಲಿಸುವುದು. ಅತಿಥಿ ಉಪನ್ಯಾಸಗಳ ಉದ್ದ ಪಟ್ಟಿ ಹಾಕಲಿಲ್ಲ. ಅತಿಥಿ ಹೊರಟ ಮೇಲೆ ಕಾಲೇಜಿನಲ್ಲಿ ಏನು ಉಳಿಯುತ್ತದೆ ಎಂಬುದಕ್ಕೆ ಅರ್ಜಿಯಲ್ಲೇ ಉತ್ತರ ಇರಬೇಕು. ಇದರಲ್ಲಿ ನನ್ನದು ಗಟ್ಟಿ ಅಭಿಪ್ರಾಯ.

ಕಾಗದಪತ್ರದ ವಿಷಯ ಹೆಚ್ಚೇನಿಲ್ಲ. ಆಹ್ವಾನ ಪತ್ರದಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇರಲಿ, ದಿನಾಂಕ ಮತ್ತು ಕೆಲಸದ ಸ್ವರೂಪ ಸ್ಪಷ್ಟವಾಗಿರಲಿ. ವೀಸಾ ಅರ್ಜಿಗೆ ಮೊದಲೇ ಕೈಯಲ್ಲಿರಲಿ.

ಬಂದ ಪ್ರಾಧ್ಯಾಪಕಿ ವಿಂಕ್ಲರ್ ವಿಧಾನದಿಂದ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ಪ್ರಯೋಗದಿಂದ ಶುರುಮಾಡಿದರು. ಪಿಷ್ಟ ಹಾಕಿದ ದ್ರಾವಣದ ನೀಲಿ ಬಣ್ಣ ಮಾಯವಾಗುವ ಕ್ಷಣದಲ್ಲಿ ಬ್ಯುರೆಟ್ (ಹನಿಹನಿಯಾಗಿ ದ್ರಾವಣ ಬಿಡುವ ಅಳತೆಯ ಕೊಳವೆ) ನಿಲ್ಲಿಸಬೇಕು. ಒಂದೇ ನೀರು, ಆದರೆ ಎಲ್ಲರ ಅಳತೆಯೂ ಬೇರೆ ಬೇರೆ! ಅವರು ಯಾರದ್ದನ್ನೂ ತಿದ್ದಲಿಲ್ಲ. ಎಲ್ಲರಿಂದಲೂ ತಮ್ಮ ತಮ್ಮ ಅಂಕಿಯನ್ನು ಬೋರ್ಡಿನ ಮೇಲೆ ಬರೆಸಿ, "ಈ ವ್ಯತ್ಯಾಸ ಎಲ್ಲಿಂದ ಬಂತು?" ಎಂದು ಕೇಳಿ ಸುಮ್ಮನೆ ನಿಂತರು. ಯಾವಾಗಲೂ ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗಿಯೊಬ್ಬಳು ಎದ್ದು, "ನನ್ನ ಬಾಟಲಿಯಲ್ಲಿ ಗಾಳಿಗುಳ್ಳೆ ಇತ್ತು ಮೇಡಂ" ಎಂದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಮಾತಾಡಿದರು. ತರಗತಿ ಚಿಕ್ಕದಾಗಿದ್ದರಿಂದಲೇ ಇದು ಸಾಧ್ಯವಾಯಿತು. ಸಣ್ಣ ಕಾಲೇಜು ಅತಿಥಿಗೆ ಕೊಡಬಹುದಾದ ದೊಡ್ಡ ಸೌಲಭ್ಯ ಇದೇ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಇನ್ನೊಂದು ಏರ್ಪಾಡು ತುಂಬಾ ನೆರವಾಯಿತು. ವಸತಿಯಿಂದ ಹಿಡಿದು ಲ್ಯಾಬಿನ ಕೀಲಿಯವರೆಗೆ ಎಲ್ಲದಕ್ಕೂ ಒಬ್ಬರೇ ಅಧ್ಯಾಪಕರನ್ನು ಹೊಣೆ ಮಾಡಿ, ಅವರ ಪಾಠದ ಹೊರೆಯನ್ನು ಅಷ್ಟು ದಿನ ಕಡಿಮೆ ಮಾಡಿಸಿದೆ. ಈ ರಿಯಾಯಿತಿಗಾಗಿ ಪ್ರಾಂಶುಪಾಲರ ಬಳಿ ಪಟ್ಟು ಹಿಡಿದು ಕೇಳಬೇಕಾಯಿತು. ಹಾಗೆಯೇ ವಾರಕ್ಕೊಂದು ದಿನವನ್ನು ಪೂರ್ತಿ ಖಾಲಿ ಬಿಟ್ಟೆವು. ಕೈಪಿಡಿಯ ಬಹುಪಾಲು ಬರವಣಿಗೆ ನಡೆದದ್ದು ಆ ದಿನಗಳಲ್ಲೇ.

ಈಗ ಆ ಪ್ರಯೋಗಗಳನ್ನು ನಮ್ಮವರೇ ನಡೆಸುತ್ತಾರೆ. ಹೊಸ ಬ್ಯಾಚಿನ ಅಂಕಿಅಂಶ ಕಳಿಸಿದರೆ ಪ್ರಾಧ್ಯಾಪಕಿ ಇವತ್ತಿಗೂ ಓದಿ ಉತ್ತರ ಬರೆಯುತ್ತಾರೆ.